ಸ್ಕ್ಯಾನ್ ನಾರ್ಮಲ್ ಎಂದರೆ ಏನೂ ಆಗಿಲ್ಲ ಎಂದಲ್ಲ

2025ರ ಜನವರಿ 31ರಂದು ಪುಣೆಯಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಟಿ20 ಪಂದ್ಯ ನಡೆಯಿತು. ಭಾರತದ ಇನಿಂಗ್ಸ್‌ನ ಕೊನೆಯ ಓವರಿನಲ್ಲಿ ಜೇಮಿ ಓವರ್ಟನ್ ಎಸೆದ ಚೆಂಡು ಶಿವಂ ದುಬೆ ಅವರ ಹೆಲ್ಮೆಟ್ಟಿಗೆ ಬಡಿಯಿತು. ಇನಿಂಗ್ಸ್ ಮುಗಿಯುವವರೆಗೆ ಅವರು ಕ್ರೀಸಿನಲ್ಲೇ ಇದ್ದರು, ಫೀಲ್ಡಿಂಗ್‌ಗೆ ಬರಲಿಲ್ಲ. ಕನ್ಕಷನ್ ಬದಲಿ ಆಟಗಾರನಾಗಿ ಬಂದ ಹರ್ಷಿತ್ ರಾಣಾ ಮೂರು ವಿಕೆಟ್ ಕಿತ್ತರು, ಭಾರತ 15 ರನ್ನುಗಳಿಂದ ಗೆದ್ದಿತು. ಆಮೇಲೆ ಟಿ.ವಿ.ಯಲ್ಲಿ, ಪತ್ರಿಕೆಗಳಲ್ಲಿ, ಚಹಾದಂಗಡಿಯಲ್ಲಿ ಎರಡು ಪ್ರಶ್ನೆಗಳು ಓಡಾಡಿದವು. ಬ್ಯಾಟಿಂಗ್ ಆಲ್‌ರೌಂಡರ್ ಜಾಗಕ್ಕೆ ವೇಗದ ಬೌಲರನ್ನು ಇಳಿಸಿದ್ದು ಸರಿಯೇ ಎಂಬುದು ಒಂದು. ಅದು ನಿಯಮದ ಪ್ರಶ್ನೆ, ಪಂದ್ಯದ ರೆಫರಿ ನೋಡಿಕೊಳ್ಳಲಿ. ಪೆಟ್ಟು ಬಿದ್ದ ಮೇಲೂ ನಿಂತು ಆಡಿದವನಿಗೆ ಕನ್ಕಷನ್ ಎಲ್ಲಿಂದ ಬಂತು ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಯನ್ನು ಹಾಗೆಯೇ ಬಿಡಲಾಗದು. ಏಕೆಂದರೆ ಅದು ಪುಣೆಯ ಮೈದಾನದಲ್ಲಿ ಹುಟ್ಟಿದ್ದಲ್ಲ. ನಮ್ಮ ಮನೆ, ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆಗಳಲ್ಲಿ ಬೇರುಬಿಟ್ಟಿರುವ ಒಂದು ನಂಬಿಕೆಯ ಇನ್ನೊಂದು ರೂಪ ಅದು.

ಆ ನಂಬಿಕೆ ಹೀಗಿದೆ: ಪ್ರಜ್ಞೆ ತಪ್ಪಲಿಲ್ಲ, ವಾಂತಿಯಾಗಲಿಲ್ಲ, ರಕ್ತ ಬರಲಿಲ್ಲ, ಎದ್ದು ನಡೆದ, ಸ್ಕ್ಯಾನ್ ನಾರ್ಮಲ್ ಬಂತು; ಆದ್ದರಿಂದ ಏನೂ ಆಗಿಲ್ಲ. ಈ ವಾಕ್ಯವನ್ನು ತಾಯಂದಿರು ಸಮಾಧಾನಕ್ಕೆ ಹೇಳುತ್ತಾರೆ, ಕೋಚ್‌ಗಳು ಅಪ್ಪಣೆಯಾಗಿ ಹೇಳುತ್ತಾರೆ, ವೈದ್ಯರು ಅವಸರದಲ್ಲಿ ಹೇಳುತ್ತಾರೆ, ವಿಮಾ ಕಂಪನಿಯವರು ವಾದವಾಗಿ ಹೇಳುತ್ತಾರೆ. ಯಾರು ಹೇಳಿದರೂ ಅದು ಸುಳ್ಳು. ಎಲ್ಲರೂ ಒಪ್ಪಿಕೊಂಡಿರುವುದರಿಂದಲೇ ಅದು ಅಪಾಯದ ಸುಳ್ಳು.

ಕನ್ಕಷನ್ ಎಂದರೆ ಮಿದುಳಿಗೆ ಆದ ಗಾಯ. ಅದು ತಲೆಯ ಚರ್ಮಕ್ಕೆ ಆದದ್ದಲ್ಲ, ಬುರುಡೆಯ ಮೂಳೆಗೆ ಆದದ್ದೂ ಅಲ್ಲ. ವಯಸ್ಕರ ಮಿದುಳು ಒಂದೂಕಾಲು ಕಿಲೋಗಿಂತ ತುಸು ಹೆಚ್ಚು ತೂಗುವ ಮೆತ್ತನೆಯ ಅಂಗ, ಬುರುಡೆಯೊಳಗಿನ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಜೋರಾಗಿ ಅಲುಗಿದಾಗ, ಅದರಲ್ಲೂ ಗಿರ್ರನೆ ತಿರುಗಿ ಥಟ್ಟನೆ ನಿಂತಾಗ, ಮಿದುಳಿನ ಒಂದು ಪದರ ಇನ್ನೊಂದನ್ನು ಎಳೆಯುತ್ತದೆ. ಗಡಿಗೆಗೆ ಒಂದು ಗೀರೂ ಬೀಳದೆ ಒಳಗಿನ ಕೆನೆಮೊಸರು ಒಡೆಯುವುದು ಹೀಗೆಯೇ. ಇದಕ್ಕೆ ತಲೆಗೇ ಪೆಟ್ಟು ಬೀಳಬೇಕೆಂದಿಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ವ್ಯಾಖ್ಯಾನದ ಪ್ರಕಾರ ಕುತ್ತಿಗೆಗೆ ಅಥವಾ ಮೈಗೆ ಬಿದ್ದ ಹೊಡೆತದ ಬಲ ಮಿದುಳನ್ನು ತಲುಪಿದರೂ ಅದು ಕನ್ಕಷನ್ನೇ. ಬೈಕಿನ ಹಿಂಬದಿಯಲ್ಲಿ ಕುಳಿತವಳು ಸೊಂಟ ಕೆಳಗಾಗಿ ಬಿದ್ದು, ಕುತ್ತಿಗೆ ಚಾಟಿಯಂತೆ ಬೀಸಿ ನಿಂತಿದ್ದರೂ ಅವಳ ಮಿದುಳಿಗೆ ಗಾಯವಾಗಿರಬಹುದು.

ಆ ಕ್ಷಣದಲ್ಲಿ ಒಳಗೆ ನಡೆಯುವುದೇನು? ಸೆಳೆತಕ್ಕೆ ಸಿಕ್ಕ ನರತಂತುಗಳ ಪೊರೆ ಸಡಿಲಗೊಂಡು ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಕೆಟ್ಟ ಸಮತೋಲನವನ್ನು ಸರಿಪಡಿಸಲು ಜೀವಕೋಶಗಳ ಪಂಪುಗಳು ಬಿಡುವಿಲ್ಲದೆ ದುಡಿಯತೊಡಗುತ್ತವೆ, ಅದಕ್ಕೆ ಹೆಚ್ಚು ಗ್ಲೂಕೋಸ್ ಬೇಕು. ಸರಿಯಾಗಿ ಅದೇ ಹೊತ್ತಿಗೆ ಮಿದುಳಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಬೇಡಿಕೆ ಏರಿದಾಗಲೇ ಪೂರೈಕೆ ಕುಸಿಯುವ ಈ ಬಿಕ್ಕಟ್ಟು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ. ಆ ಅವಧಿಯಲ್ಲಿ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಸದ್ದು ಸಹಿಸಲಾಗುವುದಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ, ನಿದ್ದೆ ಕೆಡುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ, ಹೇಳಬೇಕೆಂದ ಮಾತು ಬಾಯಿಗೆ ಬರುವುದಿಲ್ಲ.

ಸಿ.ಟಿ. ಸ್ಕ್ಯಾನಿನಲ್ಲಿ ಇದಾವುದೂ ಕಾಣುವುದಿಲ್ಲ. ಅದು ತೋರಿಸುವುದು ಮೂಳೆಯ ಬಿರುಕನ್ನು, ರಕ್ತಸ್ರಾವವನ್ನು, ಬಾವನ್ನು. ಈ ರೋಗಿಯನ್ನು ಇವತ್ತು ರಾತ್ರಿಯೇ ಆಪರೇಷನ್ ಥಿಯೇಟರಿಗೆ ಒಯ್ಯಬೇಕೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಆ ಉತ್ತರ ಜೀವ ಉಳಿಸುವಂಥದ್ದು, ಅದರ ಬೆಲೆಯನ್ನು ಯಾರೂ ಕಡಿಮೆ ಮಾಡಬೇಕಿಲ್ಲ. ಆದರೆ ಮಿದುಳಿಗೆ ಗಾಯವಾಗಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಒಂದು ಪ್ರಶ್ನೆಗೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿ ರೋಗಿಯನ್ನು ಮನೆಗೆ ಕಳಿಸುತ್ತಿದ್ದೇವೆ. ರಕ್ತಸ್ರಾವವಿಲ್ಲ ಎಂಬ ವರದಿ ಬಾಯಿಂದ ಬಾಯಿಗೆ ದಾಟುವಷ್ಟರಲ್ಲಿ ಏನೂ ಇಲ್ಲ ಎಂದಾಗುತ್ತದೆ. ಮಾರನೆಯ ದಿನ ತಲೆನೋವೆಂದು ಮಲಗಿದ ಮಗ ಸೋಮಾರಿಯಾಗುತ್ತಾನೆ, ಲೆಕ್ಕ ತಪ್ಪಿದ ಅಂಗಡಿಯ ಹುಡುಗ ಬೇಜವಾಬ್ದಾರಿಯಾಗುತ್ತಾನೆ, ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡ ಸೊಸೆ ನಾಟಕ ಮಾಡುವವಳಾಗುತ್ತಾಳೆ. ಗಾಯದ ಹೆಸರು ಕಿತ್ತುಕೊಂಡ ಮೇಲೆ ನರಳುವವರಿಗೆ ಉಳಿಯುವುದು ಗುಣದೋಷದ ಹೆಸರುಗಳೇ ತಾನೆ?

ಪ್ರಜ್ಞೆ ತಪ್ಪದಿದ್ದರೆ ಚಿಂತೆಯಿಲ್ಲ ಎನ್ನುವವರು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಲಿ. ಆಟದಲ್ಲಿ ಆಗುವ ಕನ್ಕಷನ್‌ಗಳ ಪೈಕಿ ಹತ್ತರಲ್ಲಿ ಸುಮಾರು ಒಂಬತ್ತರಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಪ್ರಜ್ಞೆ ತಪ್ಪುವುದನ್ನೇ ಗುರುತೆಂದು ಹಿಡಿದು ಕೂತರೆ ಹತ್ತು ಮಂದಿ ಗಾಯಾಳುಗಳಲ್ಲಿ ಒಂಬತ್ತು ಮಂದಿಯನ್ನು ಕೈಬಿಟ್ಟಂತೆ. ಎದ್ದು ನಡೆದನಲ್ಲ ಎನ್ನುವವರು ರಮಣ್ ಲಾಂಬಾ ಅವರನ್ನು ನೆನೆಯಲಿ. 1998ರ ಫೆಬ್ರವರಿ 20ರಂದು ಢಾಕಾದ ಲೀಗ್ ಪಂದ್ಯವೊಂದರಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ನಿನ ಮಗ್ಗುಲಲ್ಲೇ ಫೀಲ್ಡಿಂಗ್‌ಗೆ ನಿಂತಿದ್ದ ಅವರ ತಲೆಗೆ ಚೆಂಡು ಬಡಿಯಿತು. ಅವರು ತಾವೇ ನಡೆದುಕೊಂಡು ಪೆವಿಲಿಯನ್ ಸೇರಿದರು. ಮೂರು ದಿನಗಳಲ್ಲಿ ತೀರಿಕೊಂಡರು. ಅವರಿಗಾದದ್ದು ಮಿದುಳಿನ ರಕ್ತಸ್ರಾವ, ಕನ್ಕಷನ್ನಿಗಿಂತ ಘೋರವಾದದ್ದು. ಅಂಥ ಘೋರ ಪೆಟ್ಟು ತಿಂದವರೇ ನಡೆದು ಹೋಗಬಲ್ಲರೆಂದ ಮೇಲೆ, ನಡೆದು ಹೋದದ್ದು ಯಾವುದಕ್ಕೆ ಸಾಕ್ಷಿ?

ಪೆಟ್ಟು ಬಿದ್ದ ಮೇಲೂ ಆಡಿದನಲ್ಲ ಎಂಬ ವಾದಕ್ಕೆ ಉತ್ತರ ಲಾರ್ಡ್ಸ್ ಮೈದಾನದಲ್ಲಿದೆ. 2019ರ ಆಗಸ್ಟ್ 17. ಜೋಫ್ರಾ ಆರ್ಚರ್ ಅವರ ಬೌನ್ಸರ್ ಸ್ಟೀವ್ ಸ್ಮಿತ್ ಅವರ ಎಡಗಿವಿಯ ಕೆಳಗೆ, ಕುತ್ತಿಗೆಗೆ ಬಡಿಯಿತು. 80 ರನ್ ಗಳಿಸಿದ್ದ ಸ್ಮಿತ್ ನೆಲಕ್ಕೊರಗಿದರು, ಆಮೇಲೆ ಎದ್ದು ಹೊರನಡೆದರು. ಪರೀಕ್ಷೆಗಳಲ್ಲಿ ಪಾಸಾದರು. ಒಂದು ಗಂಟೆಯೊಳಗೆ ಮತ್ತೆ ಬ್ಯಾಟ್ ಹಿಡಿದು ಬಂದು ಇನ್ನೂ 12 ರನ್ ಸೇರಿಸಿ ಔಟಾದರು. ಮಾರನೆಯ ಬೆಳಿಗ್ಗೆ ತಲೆ ನೋಯುತ್ತಿತ್ತು, ಮಂಪರು ಕವಿದಿತ್ತು. ಅವರು ಪಂದ್ಯದಿಂದ ಹೊರಗುಳಿದರು, ಮುಂದಿನ ಲೀಡ್ಸ್ ಟೆಸ್ಟಿನಲ್ಲೂ ಆಡಲಿಲ್ಲ. ಟೆಸ್ಟ್ ಇತಿಹಾಸದ ಮೊದಲ ಕನ್ಕಷನ್ ಬದಲಿ ಆಟಗಾರನಾಗಿ ಮಾರ್ನಸ್ ಲಾಬುಶೇನ್ ಇಳಿದದ್ದು ಹೀಗೆ. ಕಣ್ಣೆದುರೇ ವೈದ್ಯರು, ಕೈಯಲ್ಲಿ ಪರೀಕ್ಷೆಯ ಪಟ್ಟಿ, ನೂರಾರು ಕ್ಯಾಮೆರಾಗಳ ಕಣ್ಗಾವಲು ಇದ್ದಾಗಲೂ ಲಕ್ಷಣಗಳು ಮರುದಿನ ತಲೆಯೆತ್ತಿದವು. ಇದಾದ ಮರುವರ್ಷವೇ, 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ಮಿಚೆಲ್ ಸ್ಟಾರ್ಕ್ ಅವರ ಚೆಂಡು ಹೆಲ್ಮೆಟ್ಟಿಗೆ ತಗುಲಿದ ಮೇಲೂ ರವೀಂದ್ರ ಜಡೇಜ ಆಡಿದ್ದನ್ನೇ ಮುಂದಿಟ್ಟುಕೊಂಡು, ಅವರಿಗೆ ಏನೂ ಆಗಿರಲಿಲ್ಲ ಎಂದು ವಾದಿಸಲಾಯಿತು. ಬದಲಿಯಾಗಿ ಬಂದ ಯಜುವೇಂದ್ರ ಚಾಹಲ್ ಮೂರು ವಿಕೆಟ್ ಪಡೆದದ್ದು ಆ ವಾದಕ್ಕೆ ಕಾವು ಕೊಟ್ಟಿತು. ತಂಡಗಳು ನಿಯಮವನ್ನು ದುರುಪಯೋಗ ಮಾಡಿದರೆ ಶಿಕ್ಷಿಸಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಆಡುತ್ತಾ ಇದ್ದದ್ದೇ ಆರೋಗ್ಯಕ್ಕೆ ಪುರಾವೆ ಎನ್ನುವ ಮಾತನ್ನು ಕೋಟಿಗಟ್ಟಲೆ ಜನರ ಕಿವಿಗೆ ಹಾಕುವುದು ಯಾವ ನ್ಯಾಯ? ಅದನ್ನು ಕೇಳಿಸಿಕೊಂಡ ಹಳ್ಳಿಯ ಹುಡುಗ ನಾಳೆ ತನ್ನ ತಲೆಗೆ ಪೆಟ್ಟು ಬಿದ್ದಾಗ ಏನು ಮಾಡುತ್ತಾನೆ?

ಏನು ಮಾಡುತ್ತಾನೆಂಬುದು ನಮ್ಮೂರುಗಳ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ ಕಾಣುತ್ತದೆ. ಚೈನ್ ಹಿಡಿದ ಇಬ್ಬರ ನಡುವೆ ರೈಡರ್ ನುಗ್ಗುತ್ತಾನೆ, ಒಬ್ಬನ ಮೊಣಕಾಲು ಇನ್ನೊಬ್ಬನ ಕಿವಿಯ ಮೇಲ್ಭಾಗಕ್ಕೆ ಬಡಿಯುತ್ತದೆ. ಬಿದ್ದವನು ಮಣ್ಣಿನಲ್ಲಿ ಎರಡು ಕೈಯೂರಿ ತಲೆ ಬಗ್ಗಿಸಿ ಕುಳಿತಿರುತ್ತಾನೆ. ಯಾರೋ ಬಾಟಲಿ ನೀರನ್ನು ನೆತ್ತಿಗೆ ಸುರಿಯುತ್ತಾರೆ, ಇನ್ಯಾರೋ ಕುತ್ತಿಗೆಗೆ ಸ್ಪ್ರೇ ಹೊಡೆಯುತ್ತಾರೆ. ‘ಆಡ್ತೀಯೇನೋ?’ ಎನ್ನುತ್ತಾರೆ ಮೇಷ್ಟ್ರು. ‘ಆಡ್ತೀನಿ ಸಾರ್’ ಎನ್ನುತ್ತಾನೆ. ಎದ್ದು ನಿಲ್ಲುತ್ತಾನೆ, ಒಂದು ಕ್ಷಣ ಎದುರಾಳಿ ತಂಡದ ಅಂಗಳದ ಕಡೆಗೆ ನಡೆಯುತ್ತಾನೆ, ಜೊತೆಗಾರನೊಬ್ಬ ಭುಜ ಹಿಡಿದು ಈ ಕಡೆಗೆ ತಿರುಗಿಸುತ್ತಾನೆ. ಮೈಕಿನಲ್ಲಿ ಅವನ ಛಲಕ್ಕೆ ಶಹಬ್ಬಾಸ್ ಬೀಳುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ. ತನ್ನ ಅಂಗಳ ಯಾವುದೆಂದು ತಿಳಿಯದೆ ನಡೆದನಲ್ಲ, ಆ ಒಂದು ಕ್ಷಣವೇ ರೋಗನಿರ್ಣಯ. ನೂರಾರು ಜನ ಅದನ್ನು ನೋಡಿರುತ್ತಾರೆ, ಒಬ್ಬರೂ ಗುರುತಿಸಿರುವುದಿಲ್ಲ.

‘ಆಡ್ತೀಯೇನೋ?’ ಎಂದು ಅವನನ್ನು ಕೇಳಿದ್ದೇ ಮೊದಲ ತಪ್ಪು. ಮೊಣಕಾಲು ಉಳುಕಿದಾಗ ನೋವನ್ನು ಅಳೆದು ಹೇಳುವ ಮಿದುಳು ನೆಟ್ಟಗಿರುತ್ತದೆ. ಮಿದುಳೇ ಪೆಟ್ಟು ತಿಂದಾಗ ಅಳೆಯುವವರು ಯಾರು? ಗಾಯಗೊಂಡ ಅಂಗವನ್ನೇ ಸಾಕ್ಷಿಗೂ ಕರೆದು, ತೀರ್ಪಿಗೂ ಕೂರಿಸುವುದು ಕ್ರೌರ್ಯ. ಹದಿನಾಲ್ಕರ ಹುಡುಗನಿಗೆ ತಂಡದ ಜಾಗ, ಊರಿನ ಮಾನ, ಮುಂದಿನ ವರ್ಷದ ಕ್ರೀಡಾ ಹಾಸ್ಟೆಲ್ ಸೀಟು ಎಲ್ಲವೂ ಆ ಒಂದು ‘ಆಡ್ತೀನಿ’ಯಲ್ಲಿ ತೂಗುತ್ತಿರುವಾಗ ಅವನು ಬೇರೆ ಏನು ಹೇಳಿಯಾನು?

ಇಲ್ಲಿ ಕೆಲವರು ಅನಿಲ್ ಕುಂಬ್ಳೆಯವರನ್ನು ಎಳೆದು ತರುತ್ತಾರೆ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದರೂ ತಲೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಬ್ರಯನ್ ಲಾರಾ ಅವರ ವಿಕೆಟ್ ಕಿತ್ತ ಆ ಕನ್ನಡಿಗನ ಧೈರ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಮುರಿದದ್ದು ಏನೆಂದು ಅವರಿಗೆ ಗೊತ್ತಿತ್ತು, ತಿಳಿದೇ ತೀರ್ಮಾನಿಸಿದ ಪ್ರಬುದ್ಧ ಆಟಗಾರ ಅವರು. ನನ್ನ ಆಕ್ಷೇಪ ಆ ಚಿತ್ರವನ್ನು ಮಕ್ಕಳ ಮುಂದೆ ಹಿಡಿದು ಪಾಠ ಮಾಡುವವರ ಬಗ್ಗೆ. ಮುರಿದ ಮೂಳೆಯ ಕಥೆಯಿಂದ ಮಿದುಳಿನ ಗಾಯಕ್ಕೆ ನೀತಿ ಹೊರಡಿಸಲಾಗದು. ಮೂಳೆಯ ಮೇಲೆ ಮತ್ತೆ ಪೆಟ್ಟು ಬಿದ್ದರೆ ಮೂಳೆ ಇನ್ನಷ್ಟು ಮುರಿಯಬಹುದು. ಚೇತರಿಸಿಕೊಳ್ಳದ ಮಿದುಳಿನ ಮೇಲೆ ಮತ್ತೆ ಪೆಟ್ಟು ಬಿದ್ದರೆ ಜೀವವೇ ಹೋಗಬಹುದು. ಕೆನಡಾದ ಒಟ್ಟಾವದಲ್ಲಿ ಹದಿನೇಳು ವರ್ಷದ ರಗ್ಬಿ ಆಟಗಾರ್ತಿ ರೋವನ್ ಸ್ಟ್ರಿಂಗರ್ 2013ರಲ್ಲಿ ತೀರಿಕೊಂಡದ್ದು ಹಾಗೆಯೇ, ಒಂದೇ ವಾರದ ಅವಧಿಯಲ್ಲಿ ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ. ಒಂಟಾರಿಯೋ ಪ್ರಾಂತ್ಯ 2018ರಲ್ಲಿ ಅವಳ ಹೆಸರಿನಲ್ಲೇ ಕಾನೂನು ತಂದಿತು. ಅಮೆರಿಕದ ವಾಷಿಂಗ್ಟನ್ ರಾಜ್ಯ 2009ರಲ್ಲೇ ಶಾಲಾ ಆಟಗಳಿಗೆ ಇಂಥ ಕಾನೂನು ಮಾಡಿತ್ತು, ಉಳಿದ ರಾಜ್ಯಗಳೂ ಅದನ್ನು ಹಿಂಬಾಲಿಸಿದವು. ನಮ್ಮ ವಲಯ ಮಟ್ಟದ ಕ್ರೀಡಾಕೂಟದಲ್ಲಿ ಒಬ್ಬ ಹುಡುಗಿ ಎರಡು ದಿನಗಳಲ್ಲಿ ಎರಡು ಬಾರಿ ತಲೆಗೆ ಪೆಟ್ಟು ತಿಂದರೆ ಬರೆದಿಡುವವರು ಯಾರಿದ್ದಾರೆ?

ಶ್ರೀಮಂತ ಕ್ರೀಡಾ ಸಂಸ್ಥೆಗಳು ಈ ಗಾಯವನ್ನು ಚಿಕ್ಕದು ಮಾಡಿ ತೋರಿಸಿದ ಇತಿಹಾಸ ನಮ್ಮ ಕಣ್ಣ ಮುಂದಿದೆ. ತಲೆಗೆ ಪದೇ ಪದೇ ಪೆಟ್ಟು ತಿನ್ನುವ ಬಾಕ್ಸರುಗಳ ಮಿದುಳು ಕೆಡುತ್ತದೆ ಎಂದು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 1994ರಲ್ಲಿ ಈ ವಿಷಯಕ್ಕೊಂದು ಸಮಿತಿ ರಚಿಸಿ, ಅದರ ಹೆಸರಿನಲ್ಲೇ ‘ಸೌಮ್ಯ’ ಎಂಬ ಮಾತನ್ನು ಸೇರಿಸಿತು. ಸಂಧಿವಾತದ ತಜ್ಞರೊಬ್ಬರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. 2002ರಲ್ಲಿ ತೀರಿಕೊಂಡ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳನ್ನು ಪರೀಕ್ಷಿಸಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು, ಪದೇ ಪದೇ ಬಿದ್ದ ಪೆಟ್ಟುಗಳಿಂದಾದ ಹಾನಿಯನ್ನು 2005ರಲ್ಲಿ ಪ್ರಕಟಿಸಿದಾಗ ಆ ಸಮಿತಿಯವರು ಲೇಖನವನ್ನೇ ಹಿಂದಕ್ಕೆ ಪಡೆಯುವಂತೆ ಒತ್ತಾಯಿಸಿದರು. ಕೊನೆಗೆ ಸಾವಿರಾರು ಮಾಜಿ ಆಟಗಾರರು ಕೋರ್ಟಿಗೆ ಹೋದ ಮೇಲೆ ಲೀಗ್ ಪರಿಹಾರಕ್ಕೆ ಒಪ್ಪಿತು. ಇಂಗ್ಲೆಂಡಿಗೆ 2003ರ ರಗ್ಬಿ ವಿಶ್ವಕಪ್ ಗೆದ್ದುಕೊಟ್ಟ ತಂಡದ ಸ್ಟೀವ್ ಥಾಮ್ಸನ್ ನಲವತ್ತರ ಹರೆಯದಲ್ಲೇ ಮರೆವಿನ ಕಾಯಿಲೆಗೆ ತುತ್ತಾದರು, ಆ ಫೈನಲ್ ಪಂದ್ಯದ ನೆನಪೇ ತಮಗಿಲ್ಲ ಎಂದರು. 2021ರ ಸಿಡ್ನಿ ಟೆಸ್ಟಿನಲ್ಲಿ ಭಾರತದ ವಿರುದ್ಧ 62 ರನ್ ಹೊಡೆದು ಪದಾರ್ಪಣೆ ಮಾಡಿದ ವಿಲ್ ಪುಕೋವ್‌ಸ್ಕಿಗೆ ಅದೇ ಕೊನೆಯ ಟೆಸ್ಟ್ ಆಯಿತು. ಮತ್ತೆ ಮತ್ತೆ ಆದ ಕನ್ಕಷನ್‌ಗಳ ಕಾರಣ ಅವರು 27ನೇ ವಯಸ್ಸಿಗೇ ಆಟ ಬಿಟ್ಟರು. ಇಷ್ಟೆಲ್ಲ ತಿಳಿದ ಮೇಲೂ ಇದು ಸೌಮ್ಯವೇ?

ಸೌಮ್ಯ ಎಂಬ ಮಾತು ಆಸ್ಪತ್ರೆಗೆ ಬಂದ ದಾರಿಯನ್ನೂ ನೋಡಬೇಕು. 1974ರಲ್ಲಿ ಗ್ಲಾಸ್ಗೋದ ಟೀಸ್ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಕೋಮಾದ ಆಳವನ್ನು ಅಳೆಯಲು ಒಂದು ಮಾನದಂಡ ರೂಪಿಸಿದರು. ಅದರಲ್ಲಿ ಗರಿಷ್ಠ ಅಂಕ 15. ಈಗ 13ರಿಂದ 15 ಅಂಕ ಪಡೆದ ತಲೆಯ ಗಾಯವನ್ನೆಲ್ಲ ಸೌಮ್ಯ ಎಂದು ಬರೆಯಲಾಗುತ್ತದೆ. ಅಂದರೆ ಜೀವಕ್ಕೆ ಈಗಿಂದೀಗಲೇ ಅಪಾಯವಿಲ್ಲ ಎಂದಷ್ಟೇ ಅರ್ಥ. ಅವನ ಬದುಕಿಗೆ ಅಪಾಯವಿಲ್ಲ ಎಂದು ಅದು ಎಲ್ಲೂ ಹೇಳುವುದಿಲ್ಲ. ಬಹುಪಾಲು ಜನ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ ಎಂಬುದು ನಿಜ, ಸರಿಯಾದ ಆರೈಕೆ ಸಿಕ್ಕರೆ ಇನ್ನಷ್ಟು ಜನ ಚೇತರಿಸಿಕೊಂಡಾರು. ಆದರೆ ಅಮೆರಿಕದ ದೊಡ್ಡ ತುರ್ತು ಚಿಕಿತ್ಸಾ ಕೇಂದ್ರಗಳಿಗೆ ಸೌಮ್ಯ ಗಾಯದೊಂದಿಗೆ ಬಂದವರನ್ನು ಒಂದು ವರ್ಷ ಹಿಂಬಾಲಿಸಿ, 2019ರಲ್ಲಿ ಪ್ರಕಟವಾದ ಟ್ರ್ಯಾಕ್-ಟಿಬಿಐ ಅಧ್ಯಯನದಲ್ಲಿ ಶೇ 53 ಮಂದಿ ವರ್ಷದ ನಂತರವೂ ದಿನದ ಬದುಕಿನಲ್ಲಿ ಏನಾದರೊಂದು ಕೊರತೆ ಅನುಭವಿಸುತ್ತಿದ್ದರು. ತಲೆ ಬಿಟ್ಟು ಕೈಕಾಲಿಗೆ ಗಾಯವಾದವರಲ್ಲಿ ಆ ಪ್ರಮಾಣ ಶೇ 38. ಆ ಅಂತರದಲ್ಲಿರುವ ಜನರಿಗೆ ಸೌಮ್ಯ ಎಂಬ ಮಾತು ಯಾವ ಸಮಾಧಾನ ಕೊಟ್ಟೀತು?

ನಮ್ಮಲ್ಲಿ ತಲೆಗೆ ಪೆಟ್ಟು ತಿಂದು ಬಂದವರ ಕೈಗೆ ಕೊಡುವ ಡಿಸ್ಚಾರ್ಜ್ ಚೀಟಿಯನ್ನು ಒಮ್ಮೆ ಓದಿ ನೋಡಿ. ಸಿ.ಟಿ. ಬ್ರೇನ್ ನಾರ್ಮಲ್. ಪ್ಯಾರಾಸಿಟಮಾಲ್, ದಿನಕ್ಕೆ ಮೂರು. ವಾಂತಿಗೆ ಒಂದು ಮಾತ್ರೆ. ಕೊನೆಯಲ್ಲಿ ‘ರಿವ್ಯೂ ಎಸ್‌ಒಎಸ್’, ಅಂದರೆ ಅಗತ್ಯ ಬಿದ್ದರೆ ಬನ್ನಿ. ಯಾವಾಗ ಅಗತ್ಯ ಬೀಳುತ್ತದೆ? ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಒಂದು ಕೈಯೋ ಕಾಲೋ ಸೋತರೆ, ಎಬ್ಬಿಸಿದರೂ ಏಳದಿದ್ದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಸೋರಿದರೆ ಒಂದು ಕ್ಷಣವೂ ತಡಮಾಡದೆ ಓಡಿ ಬನ್ನಿ ಎಂದು ಆ ಚೀಟಿಯಲ್ಲಿ ಕನ್ನಡದಲ್ಲಿ ಬರೆದಿದೆಯೇ? ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಟಿ.ವಿ. ಕಡಿಮೆ, ಆಮೇಲೆ ಹಗುರವಾದ ನಡಿಗೆ, ಲಕ್ಷಣ ಹೆಚ್ಚದಿದ್ದರೆ ಹಂತಹಂತವಾಗಿ ಓದು ಮತ್ತು ಕೆಲಸ ಎಂದು ಯಾರಾದರೂ ಕೂರಿಸಿಕೊಂಡು ಹೇಳಿದರೇ? ಹೇಳುವವರಿಲ್ಲದ ಕಡೆ ಊರಿನ ಮಾತು ನಡೆಯುತ್ತದೆ: ಗಾಯಕ್ಕೆ ಕಾಫಿಪುಡಿ ಮೆತ್ತುತ್ತಾರೆ, ರಾತ್ರಿಯಿಡೀ ನಿದ್ದೆ ಮಾಡಬಾರದೆಂದು ಕೂರಿಸುತ್ತಾರೆ, ಇಲ್ಲವೇ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ವೈದ್ಯರು ನೋಡಿ ಕಳಿಸಿದ ಮೇಲೆ ನಿದ್ದೆ ಮಾಡಬಹುದು, ಮಿದುಳಿಗೆ ಅದು ಬೇಕು. ಕತ್ತಲೆಯ ಸೆರೆವಾಸ ಬೇಡ. ಮಕ್ಕಳ ಚೇತರಿಕೆಗೆ ನಾಲ್ಕು ವಾರವೂ ಹಿಡಿಯಬಹುದು. ಪೆಟ್ಟು ತಿಂದ ಮೂರನೆಯ ದಿನವೇ ಟ್ಯೂಷನ್ನಿಗೆ ಅಟ್ಟಿ, ಕಿರುಪರೀಕ್ಷೆಯಲ್ಲಿ ಅಂಕ ಬೀಳಲಿಲ್ಲವೆಂದು ಬೈಯುವ ತಂದೆ ತಾಯಿ ಕೆಟ್ಟವರಲ್ಲ. ಅವರಿಗೆ ಹೇಳಬೇಕಾದವರು ಹೇಳಲಿಲ್ಲ.

ಕಾನೂನಿನ ಕಾಗದದಲ್ಲಿ ಈ ಸುಳ್ಳು ಇನ್ನೂ ಗಟ್ಟಿಯಾಗಿ ಕುಳಿತಿದೆ. ಹೊಡೆದಾಟವಾಗಲಿ, ಅಪಘಾತವಾಗಲಿ, ಪೊಲೀಸರು ಆಸ್ಪತ್ರೆಯಿಂದ ಗಾಯದ ಸರ್ಟಿಫಿಕೇಟ್ ಕೇಳುತ್ತಾರೆ. ಅದರಲ್ಲಿ ಸಾದಾ ಗಾಯ ಅಥವಾ ಭಾರೀ ಗಾಯ ಎಂದು ಬರೆಯಬೇಕು. ಹಳೆಯ ದಂಡ ಸಂಹಿತೆಯ 320ನೇ ಸೆಕ್ಷನ್ ಇರಲಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ ಇರಲಿ, ಮೂಳೆ ಮುರಿದರೆ ಭಾರೀ ಗಾಯ, ಒಂದು ಹಲ್ಲು ಮುರಿದರೂ ಭಾರೀ ಗಾಯ. ಮಿದುಳಿಗೆ ಗಾಯವಾಗಿ ಸ್ಕ್ಯಾನ್ ನಾರ್ಮಲ್ ಬಂದರೆ ಬೀಳುವ ಷರಾ ಸಾಮಾನ್ಯವಾಗಿ ಸಾದಾ. ಹದಿನೈದು ದಿನ ತೀವ್ರ ನೋವಿನಲ್ಲಿದ್ದರೆ ಅಥವಾ ತನ್ನ ನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ಭಾರೀ ಗಾಯವೇ ಎಂದು ಈಗಿನ 116ನೇ ಸೆಕ್ಷನ್ನೇ ಹೇಳುತ್ತದೆ. ಆದರೆ ಹದಿನೈದು ದಿನ ಕಾಯದೆ ಮೊದಲ ದಿನದ ಸ್ಕ್ಯಾನ್ ನೋಡಿ ಷರಾ ಬರೆದು ಮುಗಿಸಿದರೆ ಆ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಪರಿಹಾರ ನ್ಯಾಯಮಂಡಳಿಯ ಮುಂದೆ ನಿಂತ ಗಾರೆ ಕೆಲಸದವನು, ಸಾರುವೆ ಹತ್ತಿದರೆ ತಲೆ ತಿರುಗುತ್ತದೆ ಸ್ವಾಮಿ ಎಂದರೆ ಎದುರು ಪಕ್ಷದ ವಕೀಲರು ನಾರ್ಮಲ್ ಎಂಬ ಆ ಒಂದು ಮಾತನ್ನು ಎತ್ತಿ ತೋರಿಸುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಗಾಯಗೊಂಡವರು 4.43 ಲಕ್ಷ. ಅವರಲ್ಲಿ ಎಷ್ಟು ಜನ ಮಿದುಳಿನ ಗಾಯ ಹೊತ್ತು ಮನೆಗೆ ಹೋದರು ಎಂದು ಹೇಳುವ ಕಾಲಂ ಆ ಲೆಕ್ಕದಲ್ಲಿಲ್ಲ.

ಇದಕ್ಕಿಂತಲೂ ಹೆಚ್ಚು ಮುಚ್ಚಿಟ್ಟದ್ದು ಮನೆಯೊಳಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಂಗಸರ ಪೈಕಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರ ಪ್ರಮಾಣ ಕರ್ನಾಟಕದಲ್ಲಿ ಶೇ 44. ದೇಶದಲ್ಲೇ ಅತಿ ಹೆಚ್ಚು. ಕೆನ್ನೆಗೆ ಬಾರಿಸುವುದು, ಜಡೆ ಹಿಡಿದು ಗೋಡೆಗೆ ಗುದ್ದುವುದು, ಭುಜ ಹಿಡಿದು ಅಲ್ಲಾಡಿಸುವುದು, ತಳ್ಳಿ ಕೆಡವುವುದು: ಈ ಒಂದೊಂದೂ ಮಿದುಳನ್ನು ಅಲುಗಿಸುವ ಹೊಡೆತ. ಕೂದಲು ಗಾಯವನ್ನು ಮುಚ್ಚುತ್ತದೆ, ಸೆರಗು ಉಳಿದದ್ದನ್ನು ಮುಚ್ಚುತ್ತದೆ. ವರ್ಷಗಟ್ಟಲೆ ಹೀಗೆ ಪೆಟ್ಟು ತಿಂದವಳು ಒಲೆ ಆರಿಸುವುದನ್ನು ಮರೆತರೆ, ಮಾತಿನ ನಡುವೆ ತಡವರಿಸಿದರೆ, ತಲೆ ಹಿಡಿದು ಕುಳಿತರೆ ಅವಳಿಗೆ ನರದೌರ್ಬಲ್ಯ ಎನ್ನುತ್ತಾರೆ, ತಲೆ ಸರಿಯಿಲ್ಲ ಎನ್ನುತ್ತಾರೆ. ಆ ಮಾತನ್ನೇ ಹಿಡಿದು ಗಂಡನ ಕಡೆಯವರು ಪಂಚಾಯಿತಿಯಲ್ಲಿ ಅವಳ ಬಾಯಿ ಮುಚ್ಚಿಸುತ್ತಾರೆ. ಬಾಕ್ಸರಿನ ತಲೆಗೆ ಬಿದ್ದ ಪೆಟ್ಟಿನ ಬಗ್ಗೆ ವೈದ್ಯಲೋಕ ಬರೆಯತೊಡಗಿ ಸುಮಾರು ನೂರು ವರ್ಷವಾಯಿತು. ಅಡುಗೆಮನೆಯಲ್ಲಿ ಪೆಟ್ಟು ತಿಂದವಳ ತಲೆಯ ಬಗ್ಗೆ ಯಾವ ನರ್ಸು, ಯಾವ ಆಶಾ ಕಾರ್ಯಕರ್ತೆ, ಯಾವ ಪೊಲೀಸ್ ಅಧಿಕಾರಿ ಒಂದು ಪ್ರಶ್ನೆ ಕೇಳಿದ್ದಾರೆ?

ಹೆಲ್ಮೆಟ್ ಹಾಕಿದ್ದೆವಲ್ಲ ಎನ್ನುವವರಿಗೆ ಒಂದು ಮಾತು. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಜೀವ ಉಳಿಸುತ್ತದೆ. ಐಎಸ್‌ಐ ಗುರುತಿನ, ಪೂರ್ತಿ ತಲೆ ಮುಚ್ಚುವ ಹೆಲ್ಮೆಟ್ಟನ್ನು ಪಟ್ಟಿ ಬಿಗಿದು ಹಾಕಲೇಬೇಕು. ಆದರೆ ಅದರೊಳಗೆ ಮಿದುಳು ಅಲುಗುವುದನ್ನು ಅದು ಪೂರ್ತಿ ತಡೆಯಲಾರದು. ದುಬೆಯವರೂ ಜಡೇಜ ಅವರೂ ಹೆಲ್ಮೆಟ್ ಹಾಕಿದ್ದರು. ಹಾಕಿದ್ದೆ, ಆದ್ದರಿಂದ ಏನೂ ಆಗಿಲ್ಲ ಎನ್ನುವುದು ಅದೇ ಸುಳ್ಳಿನ ಇನ್ನೊಂದು ಕವಲು.

ಇದನ್ನು ಸರಿಪಡಿಸಲು ಹೊಸ ಯಂತ್ರ ಬೇಕಿಲ್ಲ, ದೊಡ್ಡ ಬಜೆಟ್ಟೂ ಬೇಕಿಲ್ಲ. ಶಾಲಾ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ: ಹೋಬಳಿಯಿಂದ ರಾಜ್ಯ ಮಟ್ಟದವರೆಗೆ ಯಾವ ಆಟದಲ್ಲೇ ಆಗಲಿ, ಮಿದುಳಿಗೆ ಪೆಟ್ಟಾಗಿದೆಯೆಂಬ ಅನುಮಾನ ಬಂದ ಮಗು ಆ ದಿನ ಮತ್ತೆ ಆಡಕೂಡದು. ವೈದ್ಯರು ಒಪ್ಪುವವರೆಗೆ ಮರುದಿನವೂ ಆಡಕೂಡದು. ದೈಹಿಕ ಶಿಕ್ಷಣ ಶಿಕ್ಷಕರ ತರಬೇತಿಯಲ್ಲಿ ಇದಕ್ಕೊಂದು ಪಾಠ ಕಡ್ಡಾಯವಾಗಲಿ. ಕಬಡ್ಡಿ ಪಂದ್ಯಾವಳಿ ನಡೆಸುವವರು ಟ್ರೋಫಿಗೆ ದಾನಿಗಳನ್ನು ಹುಡುಕುವಾಗ, ಆಟಗಾರನನ್ನು ಹೊರಗೆ ಕೂರಿಸುವ ಅಧಿಕಾರವುಳ್ಳ ಒಬ್ಬ ವೈದ್ಯರನ್ನೋ ನರ್ಸನ್ನೋ ಹುಡುಕಲಿ. ಆ ಅಧಿಕಾರ ಕೋಚ್‌ಗೂ ಬೇಡ, ಆಟಗಾರನಿಗೂ ಬೇಡ. ಪ್ರತಿ ಸರ್ಕಾರಿ, ಖಾಸಗಿ ಆಸ್ಪತ್ರೆ ತಲೆಯ ಗಾಯದ ರೋಗಿಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಡಲಿ, ಅದರ ಮೇಲೆ ಎಸ್‌ಒಎಸ್ ಬದಲಿಗೆ ಮತ್ತೆ ಬರಬೇಕಾದ ದಿನಾಂಕ ಬರೆಯಲಿ. ಸ್ಕ್ಯಾನ್ ನಾರ್ಮಲ್ ಎಂದ ಮೇಲೆ ವೈದ್ಯರು ಇನ್ನೊಂದು ವಾಕ್ಯ ಸೇರಿಸಲಿ: ‘ರಕ್ತಸ್ರಾವವಿಲ್ಲ, ಆದರೆ ಮಿದುಳಿಗೆ ಗಾಯವಾಗಿದೆ.’ ಹದಿನೈದು ದಿನ ಕಳೆದು ಮರುಪರೀಕ್ಷೆ ಮಾಡದೆ ತಲೆಯ ಗಾಯಕ್ಕೆ ಸಾದಾ ಎಂಬ ಷರಾ ಬೀಳಕೂಡದು. ಹೊಡೆತ ತಿಂದು ಬಂದ ಪ್ರತಿ ಹೆಣ್ಣಿಗೂ ಆಸ್ಪತ್ರೆಯಲ್ಲಿ, ಸಖಿ ಕೇಂದ್ರದಲ್ಲಿ, ಠಾಣೆಯಲ್ಲಿ ತಲೆಗೆ ಪೆಟ್ಟು ಬಿತ್ತೇ ಎಂದು ಕೇಳಿ ಬರೆದುಕೊಳ್ಳಲಿ. ಕ್ರಿಕೆಟ್ ಮಾತನಾಡಿ ಹೊಟ್ಟೆ ಹೊರೆಯುವವರು, ತಲೆ ಹಿಡಿದು ನಿಂತ ಆಟಗಾರನನ್ನು ಕಂಡಾಗ ಛಲದ ಮಾತು ನಿಲ್ಲಿಸಿ, ಅವನನ್ನು ಹೊರಗೆ ಕರೆಯಿರಿ ಎನ್ನಲಿ.

ಇಲಾಖೆಗಳಿಗಾಗಿ ಕಾಯಬೇಕಾದ ಕೆಲಸ ಇದೆಲ್ಲವೂ ಅಲ್ಲ. ಮೇಷ್ಟ್ರಾಗಿದ್ದರೆ ನಾಳೆಯಿಂದಲೇ ‘ಆಡ್ತೀಯೇನೋ?’ ಎಂದು ಕೇಳುವುದನ್ನು ಬಿಡಿ, ‘ಹೊರಗೆ ಬಾ’ ಎನ್ನಿ. ತಾಯಿ ತಂದೆಯಾಗಿದ್ದರೆ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಮಗುವಿಗೆ ನಾಲ್ಕು ವಾರ ಕೊಡಿ. ವೈದ್ಯರಾಗಿದ್ದರೆ ಇನ್ನೆರಡು ನಿಮಿಷ ಕೊಡಿ. ನ್ಯಾಯಾಧೀಶರಾಗಿದ್ದರೆ ಸ್ಕ್ಯಾನ್ ವರದಿಯ ಜೊತೆಗೆ ಮನುಷ್ಯನ ಮಾತನ್ನೂ ಸಾಕ್ಷ್ಯವೆಂದು ಕೇಳಿ. ಯಾರೇ ಆಗಿರಲಿ, ಪೆಟ್ಟು ತಿಂದವರ ಮುಂದೆ ‘ಏನೂ ಆಗಿಲ್ಲ’ ಎಂಬ ಮಾತನ್ನು ಇನ್ನು ಆಡಬೇಡಿ. ಆಗಿರುವುದು ಮಿದುಳಿನ ಗಾಯ. ಅದನ್ನು ಗಾಯವೆಂದೇ ಕರೆಯಿರಿ, ಗಾಯವೆಂದೇ ಬರೆಯಿರಿ, ಗಾಯದಂತೆಯೇ ನೋಡಿಕೊಳ್ಳಿ.